ಡ್ರಾ ಕೈ ಬಂದಾಗ ಎದುರಿನವನ ಗುಡ್ಡೆ ನೋಡಿ

ನಮ್ಮ ಗಂಗಾವತಿ ಕಡೆ ಇಸ್ಪೀಟು ಅಂದರೆ ರಮ್ಮಿ, ಅಂದರ್ ಬಾಹರ್ ಅನ್ನುವವರೇ ಜಾಸ್ತಿ. ನಾವು ನಾಲ್ಕು ಜನ ಮಾತ್ರ ಭಾನುವಾರ ಸಂಜೆ ಒಗ್ಗರಣೆ ಮಿರ್ಚಿ ತಿಂದು, ಹುಣಸೆ ಬೀಜ ಇಟ್ಟುಕೊಂಡು ಟೆಕ್ಸಾಸ್ ಹೋಲ್ಡೆಮ್ ಅನ್ನುವ ಪೋಕರ್ ಆಡುತ್ತೇವೆ. ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಇವುಗಳಲ್ಲಿ ಯಾರ ಐದು ಎಲೆ ದೊಡ್ಡದೋ ಅವರು ಗೆದ್ದರು. ದುಡ್ಡು ಬೇಡವೇ ಬೇಡ. ಆನ್‌ಲೈನ್‌ನಲ್ಲಂತೂ ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಲೆಕ್ಕ ಕಲಿಯೋಕೆ ಬೀಜ ಸಾಕು.

ಒಂದು ಕೈ ನೋಡಿ. ನಿಮ್ಮ ಹತ್ತಿರ ಆಟೀನ್ ಎಕ್ಕ, ಆಟೀನ್ ಒಂಬತ್ತು. ನಡುವೆ ಬಿಚ್ಚಿಟ್ಟ ನಾಲ್ಕು ಎಲೆಯಲ್ಲಿ ಎರಡು ಆಟೀನ್. ಬರುವುದು ಇನ್ನೊಂದೇ ಎಲೆ, ಅದು ಆಟೀನ್ ಆದರೆ ಫ್ಲಶ್, ಅಂದರೆ ಒಂದೇ ಜಾತಿಯ ಐದು ಎಲೆ. ಹೀಗೆ ಒಂದು ಎಲೆಗೆ ಕಾಯುವ ಕೈಯೇ ಡ್ರಾ. ನಿಮಗೆ ಕಾಣದ ಎಲೆ 46, ಅದರಲ್ಲಿ ಆಟೀನ್ 9, ಕೆಲಸಕ್ಕೆ ಬಾರದ್ದು 37. ಪಾಟ್‌ನಲ್ಲಿ, ಅಂದರೆ ಗೆದ್ದವನಿಗೆ ಸಿಗುವ ನಡುವಿನ ರಾಶಿಯಲ್ಲಿ, 60 ಬೀಜ ಇತ್ತು, ಎದುರಿನವನು 30 ಹಾಕಿದ. ಈಗ ನೀವು 30 ಹಾಕಿದರೆ ಸಿಗುವುದು 90. ಇದೇ ಕೈ 46 ಸಲ ಬಂತು ಅಂದುಕೊಳ್ಳಿ. 37 ಸಲ 30ರಂತೆ 1110 ಹೋಯಿತು, 9 ಸಲ 90ರಂತೆ 810 ಬಂತು. 300 ಖೋತಾ! ಇಷ್ಟೇ ನೋಡಿದರೆ ಫೋಲ್ಡ್ ಮಾಡಬೇಕು, ಅಂದರೆ ಎಲೆ ಕೆಳಗಿಟ್ಟು ಕೈ ಬಿಡಬೇಕು.

ಆದರೆ ಆಟೀನ್ ಬಿದ್ದ ಮೇಲೆ ಇನ್ನೊಂದು ಸುತ್ತು ಬೆಟ್ ಇದೆ ಅಲ್ವಾ? ಆಗ ಅವನಿಂದ ಬರುವ ಬೀಜವನ್ನೂ ಈಗಲೇ ಲೆಕ್ಕಕ್ಕೆ ಹಿಡಿಯುವುದೇ ಇಂಪ್ಲೈಡ್ ಆಡ್ಸ್. 300ನ್ನು 9ರಿಂದ ಭಾಗಿಸಿ, 33 ಚಿಲ್ಲರೆ. ಅಂದರೆ ಫ್ಲಶ್ ಆದಾಗೆಲ್ಲ ಸರಾಸರಿ 34 ಬೀಜ ಹೆಚ್ಚಿಗೆ ಸಿಕ್ಕರೆ ಕಾಲ್ ಮಾಡಬಹುದು, ಅಂದರೆ ಅವನು ಹಾಕಿದಷ್ಟೇ ಹಾಕಿ ಮುಂದುವರಿಯಬಹುದು.

ಈಗ ಅವನ ಮುಂದಿನ ಗುಡ್ಡೆ ನೋಡಿ. 20 ಬೀಜ ಉಳಿದಿದ್ದರೆ ಪೂರ್ತಿ ಕೊಟ್ಟರೂ ಸಾಲದು, ಎಲೆ ಕೆಳಗಿಡಿ. 150 ಇದ್ದರೂ ಸುಮ್ನೆ ಖುಷಿಪಡಬೇಡಿ, ಮೂರನೇ ಆಟೀನ್ ಕಂಡ ಕೂಡಲೇ ಎಲೆ ಎಸೆಯುವವನಾದರೆ ಆ 150ರಲ್ಲಿ ಒಂದು ಬೀಜವೂ ನಿಮಗೆ ಬರುವುದಿಲ್ಲ. ನಮ್ಮಲ್ಲಿ ಒಬ್ಬನಿದ್ದಾನೆ, ರಾಜನ ಜೋಡಿ ಸಿಕ್ಕರೆ ಏನೇ ಆಗಲಿ ಬಿಡುವುದಿಲ್ಲ. ಅವನೆದುರು ನಾನು ಧೈರ್ಯವಾಗಿ ಕಾಲ್ ಮಾಡುತ್ತೇನೆ.

ನನಗೆ ಫ್ಲಶ್‌ಗಿಂತ ಸ್ಟ್ರೇಟ್ ಡ್ರಾ ಇಷ್ಟ. ಸ್ಟ್ರೇಟ್ ಅಂದರೆ ಸಾಲಾಗಿ ಬರುವ ಐದು ಎಲೆ. ಕೈಯಲ್ಲಿ ಆರು, ಏಳು. ನಡುವೆ ಐದು, ಎಂಟು, ರಾಜ, ಎರಡು. ನಾಲ್ಕು ಅಥವಾ ಒಂಬತ್ತು ಬಂದರೆ ಆಯಿತು, 8 ಎಲೆ. ಒಂದು ಕಡಿಮೆ, ಆದರೆ ಒಂಬತ್ತು ಬಿದ್ದರೆ ರಾಜ ಹಿಡಿದವನಿಗೆ ಅಷ್ಟಾಗಿ ಅನುಮಾನ ಬರುವುದಿಲ್ಲ, ಬೆಟ್‌ಗೆ ಬೆಟ್ ಕೊಡುತ್ತಾನೆ.

ಆಟೀನ್ ನಾಲ್ಕು, ಐದು ಹಿಡಿದು ಮಾತ್ರ ಈ ಲೆಕ್ಕ ಹಾಕಬೇಡಿ. ನಿಮ್ಮ ಫ್ಲಶ್ ಆದರೂ ಅವನ ಹತ್ತಿರ ಆಟೀನ್ ರಾಣಿ, ಗುಲಾಮ ಇದ್ದರೆ ಅವನದೇ ದೊಡ್ಡ ಫ್ಲಶ್, ಖಾಲಿಯಾಗುವುದು ನಿಮ್ಮ ಗುಡ್ಡೆ.