ಸಜ್ಜೆ ಮೇಲಿನ ಡಬ್ಬಗಳಿಂದ ಶುರು ಮಾಡಿ

ಹಬ್ಬಕ್ಕೆ ಮನೆ ಕ್ಲೀನ್ ಮಾಡಲು ಹೊರಟವರಿಗೆ ಒಂದು ಮಾತು. ಇಡೀ ಮನೆಗೆ ಒಂದೇ ದಿನ ಕೈ ಹಾಕಬೇಡಿ. ನಾನು ಹಾಗೆ ಮಾಡಿದ ದಿನ ಸಂಜೆ ಮಂಚದ ಮೇಲೆಲ್ಲ ಸಾಮಾನು, ಮಲಗಲು ಜಾಗ ಇರಲಿಲ್ಲ. ಈಗ ದಿನಕ್ಕೆ ಒಂದೇ ಕಪಾಟು, ಅರ್ಧ ಗಂಟೆ ಅಷ್ಟೇ.

ಮೊದಲು ಅಡುಗೆಮನೆ ಸಜ್ಜೆ. ಡಬ್ಬಗಳನ್ನೆಲ್ಲ ಕೆಳಗಿಳಿಸಿ ಮುಚ್ಚಳ ಹೊಂದಿಸಿ ನೋಡಿದೆ. ಜೋಡಿ ಸಿಗದವು 11! ಐಸ್‌ಕ್ರೀಮ್ ಡಬ್ಬದೊಳಗೆ ಇನ್ನೊಂದು ಐಸ್‌ಕ್ರೀಮ್ ಡಬ್ಬ, ಅದರೊಳಗೆ ಬರೀ ರಬ್ಬರ್ ಬ್ಯಾಂಡು. ತೊಳೆದು ಒಣ ಕಸಕ್ಕೆ ಹಾಕಿದೆ.

'ಮುಂದೆ ಬೇಕಾಗಬಹುದು' ಅನ್ನಿಸಿದ್ದನ್ನು ಒಂದು ಪೆಟ್ಟಿಗೆಗೆ ತುಂಬಿ, ಮೇಲೆ ತಾರೀಖು ಬರೆದಿಡಿ. ಆರು ತಿಂಗಳು ಅದು ಬೇಕೆನಿಸದಿದ್ದರೆ ಯಾರಿಗಾದರೂ ಕೊಟ್ಟುಬಿಡಿ. ಬಿಚ್ಚಿ ನೋಡಬೇಡಿ, ಮತ್ತೆ ಆಸೆ ಹುಟ್ಟುತ್ತದೆ. ಕಾಗದಪತ್ರ, ಫೋಟೊ ಮಾತ್ರ ಅದಕ್ಕೆ ಸೇರಿಸಬೇಡಿ. ನಮ್ಮತ್ತೆಯ ಹಿತ್ತಾಳೆ ಪಾತ್ರೆಗಳ ವಿಷಯಕ್ಕೆ ನಾನಂತೂ ಹೋಗುವುದಿಲ್ಲ, ಮನೆ ಶಾಂತಿ ಮುಖ್ಯ ಅಲ್ವಾ!

ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೇ ಪಂಚೆಯಲ್ಲಿ ಸುತ್ತಿಡಿ. ಆಗಾಗ ಮಡಿಕೆ ಬದಲಿಸಿ. ಇಲ್ಲದಿದ್ದರೆ ಜರಿ ಆ ಗೆರೆಯಲ್ಲೇ ಸೀಳುತ್ತದೆ.