ಆಸ್ಪರಾಗಸ್‌ಗೆ ಬಿಸಿಲು: ಎಷ್ಟು, ಯಾವ ಕಡೆಯಿಂದ, ಯಾವ ತಿಂಗಳಲ್ಲಿ

ಆಸ್ಪರಾಗಸ್‌ಗೆ ದಿನಕ್ಕೆ ಕಮ್ಮಿ ಅಂದ್ರೂ 6 ಗಂಟೆ ನೇರ ಬಿಸಿಲು ಬೇಕು. 8 ಗಂಟೆ ಸಿಕ್ಕರೆ ಇನ್ನೂ ಒಳ್ಳೆಯದು. ಇಷ್ಟನ್ನು ಯಾರಾದರೂ ಹೇಳುತ್ತಾರೆ. ಆದರೆ ಗಿಡ ಒಮ್ಮೆ ಕೂತರೆ ಹತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ಇರುತ್ತದೆ, ಕಿತ್ತು ಬೇರೆ ಕಡೆ ಇಡುವುದು ಅದಕ್ಕೆ ಹಿಡಿಸುವುದಿಲ್ಲ. ಹಾಗಾಗಿ ಆ 6 ಗಂಟೆ ವರ್ಷವಿಡೀ ಒಂದೇ ಜಾಗದಲ್ಲಿ ಸಿಗಬೇಕು. ಮೈಸೂರಿನ ಥರ್ಟಿ-ಫಾರ್ಟಿ ಸೈಟಿನಲ್ಲಿ ತಲೆನೋವು ಇರುವುದು ಅಲ್ಲೇ.

ಮೊದಲು, ತಂದಿರುವುದು ಯಾವ ಗಿಡ ಅಂತ ನೋಡಿಕೊಳ್ಳಿ. ನರ್ಸರಿಯಲ್ಲಿ ಆಸ್ಪರಾಗಸ್ ಅಂತ ಕೇಳಿದರೆ ಎಷ್ಟೋ ಸಲ ಕೊಡುವುದು ಬೊಕೆಗೆ, ಮಂಟಪದ ಅಲಂಕಾರಕ್ಕೆ ಹಾಕುವ ಗಿಡ. ಅದಕ್ಕೆ ಅರೆನೆರಳು ಬೇಕು, ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಹಳದಿಯಾಗಿ ಉದುರುತ್ತದೆ. ಶತಾವರಿ ಇನ್ನೊಂದು ನೆಂಟ. ಅದು ಮುಳ್ಳಿನ ಬಳ್ಳಿ, ಬೆಳೆಸುವುದು ಬೇರಿಗೆ, ಮರದ ನೆರಳಲ್ಲೂ ಹಬ್ಬುತ್ತದೆ. ದಂಟು ತಿನ್ನುವ ಜಾತಿ ಆಸ್ಪರಾಗಸ್ ಅಫಿಸಿನಾಲಿಸ್, ಅದಕ್ಕೆ ಮುಳ್ಳಿಲ್ಲ. "ಅಣ್ಣ, ಇದು ಅಡುಗೆಗಾ, ಬೊಕೆಗಾ?" ಅಂತ ನೇರವಾಗಿ ಕೇಳಿಬಿಡಿ, ಸುಮ್ನೆ ಎರಡು ವರ್ಷ ನೀರು ಹಾಕುವುದು ತಪ್ಪುತ್ತದೆ.

ಇಷ್ಟೊಂದು ಬಿಸಿಲು ಯಾಕೆ ಅಂದ್ರೆ, ನಾವು ಕೊಯ್ಯುವ ದಂಟಿಗೆ ಊಟ ಬರುವುದು ಕೊಯ್ಯದೆ ಬಿಟ್ಟ ದಂಟುಗಳಿಂದ. ಬಿಟ್ಟದ್ದು ಆಳೆತ್ತರ ಬೆಳೆದು, ಕವಲೊಡೆದು, ಸಬ್ಬಸಿಗೆ ಸೊಪ್ಪಿನ ಹಾಗೆ ಗರಿ ಬಿಚ್ಚುತ್ತದೆ. ಒಂದು ದಂಟನ್ನು ಹತ್ತಿರದಿಂದ ನೋಡಿ. ಅದಕ್ಕೆ ಅಂಟಿಕೊಂಡ ಸಣ್ಣ ತ್ರಿಕೋನದ ಸಿಪ್ಪೆಗಳಿವೆಯಲ್ಲ, ಎಲೆ ಅನ್ನಬಹುದಾದದ್ದು ಅವೇ, ಆದರೆ ಅವುಗಳಿಂದ ಹೆಚ್ಚೇನೂ ಕೆಲಸವಿಲ್ಲ. ಗರಿಯ ಹಸಿರು ಎಳೆಗಳು ಎಲೆಯಲ್ಲ, ಸಣ್ಣ ಸಣ್ಣ ಕಾಂಡಗಳು. ಬಿಸಿಲು ಹಿಡಿದು ಆಹಾರ ಮಾಡಿ ಬೇರಿಗೆ ಇಳಿಸುವುದು ಈ ಎಳೆಗಳೇ. ನೋಡೋಕೆ ಕಾಡು ಬೆಳೆದ ಹಾಗಿದೆ ಅಂತ ಹಸಿರು ಗರಿ ಕತ್ತರಿಸಿದರೆ ಮುಂದಿನ ಸಲ ಪೆನ್ಸಿಲ್‌ಗಿಂತ ತೆಳ್ಳಗಿನ ದಂಟು ಬರುತ್ತದೆ, ಆಮೇಲೆ ಗೊಬ್ಬರವನ್ನು ಬೈದು ಪ್ರಯೋಜನವಿಲ್ಲ.

ಈಗ ಜಾಗ. ಬಹಳ ಜನ ಏಪ್ರಿಲ್‌ನಲ್ಲಿ ಹಿತ್ತಲಿಗೆ ಹೋಗಿ "ಇಲ್ಲಿ ಚೆನ್ನಾಗಿ ಬಿಸಿಲಿದೆ" ಅಂತ ನಿರ್ಧಾರ ಮಾಡುತ್ತಾರೆ. ಏಪ್ರಿಲ್‌ನಲ್ಲಿ ಎಲ್ಲಿ ಬಿಸಿಲಿಲ್ಲ ಹೇಳಿ? ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 20ರ ಆಚೀಚೆ ಮತ್ತು ಆಗಸ್ಟ್ 20ರ ಆಚೀಚೆ ಮಧ್ಯಾಹ್ನದ ಸೂರ್ಯ ಹೆಚ್ಚುಕಮ್ಮಿ ನೆತ್ತಿಯ ಮೇಲಿರುತ್ತಾನೆ, ನಡುವಿನ ತಿಂಗಳುಗಳಲ್ಲಿ ಸ್ವಲ್ಪ ಉತ್ತರಕ್ಕೂ ವಾಲುತ್ತಾನೆ. ಡಿಸೆಂಬರ್‌ನಲ್ಲಿ ಕಥೆ ಬೇರೆ. ಆಗ ದಕ್ಷಿಣಕ್ಕೆ ಎಷ್ಟು ಸರಿಯುತ್ತಾನೆ ಅಂದ್ರೆ, 6 ಅಡಿ ಕಾಂಪೌಂಡ್ ಗೋಡೆಯ ನೆರಳು ನಡು ಮಧ್ಯಾಹ್ನವೇ 4 ಅಡಿಗೂ ಜಾಸ್ತಿ ಉತ್ತರಕ್ಕೆ ಬೀಳುತ್ತದೆ. ಅದೇ ಗೋಡೆಯ ಜೂನ್ ನೆರಳು ದಕ್ಷಿಣಕ್ಕೆ ಒಂದಡಿ ಚಿಲ್ಲರೆ, ಅಷ್ಟೇ. ಪಕ್ಕದವರು ಎರಡನೇ ಮಹಡಿ ಎತ್ತಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ.

ಆದ್ದರಿಂದ ಜಾಗ ನೋಡುವುದನ್ನು ಡಿಸೆಂಬರ್‌ನ ಒಂದು ರಜೆಯ ದಿನ ಮಾಡಿ. ಬೆಳಗ್ಗೆ 8ರಿಂದ ಸಂಜೆ 4ರವರೆಗೆ ಎರಡು ಗಂಟೆಗೊಮ್ಮೆ ನೆರಳಿನ ಅಂಚಿಗೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆಯಿರಿ. ಯಾವ ಗೆರೆಯ ಒಳಗೂ ಸಿಗದೆ ಉಳಿದ ನೆಲವೇ ನಿಮ್ಮ ಜಾಗ. ದಕ್ಷಿಣ ಬದಿ ತೆರೆದಿರಬೇಕು. ಅಲ್ಲಿ ಬಾಳೆ ಇದ್ದರೆ, ಅವರೆ ಚಪ್ಪರ ಇದ್ದರೆ ಚಳಿಗಾಲದ ಬಿಸಿಲು ಹೋಯಿತು ಅಂತಲೇ. ತರಕಾರಿ ಮಡಿಗಳ ಜೊತೆ ಹಾಕುವುದಾದರೆ ಆಸ್ಪರಾಗಸ್ ಉತ್ತರದ ಕೊನೆಗಿರಲಿ, ಆಗ ಅದರ ಗರಿ ಮೆಂತ್ಯ-ಕೊತ್ತಂಬರಿಗೆ ನೆರಳು ಮಾಡುವುದಿಲ್ಲ. ಒಂದೊಂದು ಗಿಡಕ್ಕೂ ಒಂದೂವರೆ ಅಡಿ ಅಂತರ ಬಿಡಿ, ಇಲ್ಲದಿದ್ದರೆ ಅವು ಒಂದಕ್ಕೊಂದು ಬೆಳಕು ಕದಿಯುತ್ತವೆ. ತೆಂಗಿನ ಮರದ ನೆರಳು ಸರಿಯುತ್ತಾ ಹೋಗುವುದರಿಂದ ಒಂದೇ ಮರ ದೂರದಲ್ಲಿದ್ದರೆ ಚಿಂತೆಯಿಲ್ಲ. ಮಂಡ್ಯ ಕಡೆಯ ತೆಂಗಿನ ತೋಟದ ಒಳಗೆ ಮಾತ್ರ ಬೇಡ, ಅಲ್ಲಿ ನೆರಳೂ ಜಾಸ್ತಿ, ನೀರೂ ನಿಲ್ಲುತ್ತದೆ.

ಮಾರ್ಚ್‌ನಿಂದ ಮೇವರೆಗೆ ಸಮಸ್ಯೆ ತಿರುಗುತ್ತದೆ. ಬಲಿತ ಗಿಡ ಬಿಸಿಲನ್ನು ತಡೆಯುತ್ತದೆ, ಆದರೆ ಸೆಖೆ 30 ಡಿಗ್ರಿ ದಾಟಿದರೆ ದಂಟಿನ ತುದಿ ಬೇಗ ಬಿಚ್ಚಿಕೊಂಡು ನಾರಾಗುತ್ತದೆ. ಇದಕ್ಕೆ ಮದ್ದು ನೆರಳಲ್ಲ, ಬೆಳಗ್ಗೆಯೇ, ದಿನ ಬಿಡದೆ ಕೊಯ್ಯುವುದು. ಬುಡಕ್ಕೆ ಕಬ್ಬಿನ ತರಗೋ ತೆಂಗಿನ ನಾರೋ ದಪ್ಪಗೆ ಹಾಸಿ. ಬೀಜದಿಂದ ಎಬ್ಬಿಸಿದ ಸಸಿಗಳಿಗೆ ಮಾತ್ರ ಮೊದಲ ಬೇಸಿಗೆಯಲ್ಲಿ ಮಧ್ಯಾಹ್ನ ಮರೆ ಬೇಕು. ನೆರಳಿನ ನೆಟ್ ಹಾಕುವುದಾದರೆ ತೆಳುವಾದದ್ದು, 30-35 ಪರ್ಸೆಂಟ್ ಬಿಸಿಲು ತಡೆಯುವಂಥದ್ದು ಸಾಕು. ಅಂಗಡಿಯವರು ಸುಲಭವಾಗಿ ಕೊಡುವ 75 ಪರ್ಸೆಂಟಿನ ಹಸಿರು ನೆಟ್ಟಿನ ಕೆಳಗೆ ಸಸಿ ಉದ್ದುದ್ದ ಎಳೆದುಕೊಂಡು ಬಾಗಿ ಬೀಳುತ್ತದೆ. ಜೂನ್ ಮೋಡ ಕವಿಯುತ್ತಿದ್ದ ಹಾಗೆ ನೆಟ್ ತೆಗೆದುಬಿಡಿ, ಮರೆಯಬೇಡಿ.

ಮಳೆಗಾಲದಲ್ಲಿ ಮೋಡ ಸರಿಸೋಕೆ ನಮ್ಮಿಂದಾಗಲ್ಲ, ಅಲ್ವಾ? ಆಗ ಕೊಯ್ಲು ಕಡಿಮೆ ಮಾಡಿ. ಮೊಣಕಾಲೆತ್ತರದವರೆಗಿನ ಕವಲು ತೆಗೆದರೆ ಗಾಳಿ ಆಡಿ ಗರಿ ಬೇಗ ಒಣಗುತ್ತದೆ, ಶಿಲೀಂಧ್ರದ ಕಾಟ ತಗ್ಗುತ್ತದೆ.

ನಮ್ಮಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ಗಿಡ ತಾನಾಗಿ ಪೂರ್ತಿ ಒಣಗಿ ಮಲಗುವುದಿಲ್ಲ. ಥಾಯ್ಲೆಂಡ್, ತೈವಾನ್ ಕಡೆಯ ರೈತರು ಇದಕ್ಕೆ ಒಳ್ಳೆ ದಾರಿ ಕಂಡುಕೊಂಡಿದ್ದಾರೆ. ಪ್ರತಿ ಬುಡದಲ್ಲಿ ನಾಲ್ಕೈದು ಗಟ್ಟಿ ದಂಟನ್ನು ತಾಯಿ ದಂಟು ಅಂತ ಬಿಡುವುದು, ಅವು ಬಿಸಿಲು ಕುಡಿಯುತ್ತಾ ನಿಂತಿರುವಾಗಲೇ ಪಕ್ಕದಲ್ಲಿ ಏಳುವ ಹೊಸ ದಂಟನ್ನು ಕೊಯ್ಯುವುದು. ತಾಯಿ ದಂಟು ಹಳದಿಯಾದಾಗ ಅದನ್ನು ತೆಗೆದು ಹೊಸದನ್ನು ಬಿಡಬೇಕು. ಮೈಸೂರಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಆದರೆ ಮೊದಲ ಎರಡು ವರ್ಷ ಒಂದನ್ನೂ ಕೊಯ್ಯಬೇಡಿ.

ತಾರಸಿಯಲ್ಲಿ ಬೆಳಕಿಗೆ ಬರವಿಲ್ಲ, ಕಾಯುವುದು ಡ್ರಮ್ಮು. ಒಂದೂವರೆ ಅಡಿಗಿಂತ ಆಳದ ಅರ್ಧ ಡ್ರಮ್ ತೆಗೆದುಕೊಂಡು, ಇಟ್ಟಿಗೆ ಮೇಲೆ ಇಟ್ಟು, ಪಶ್ಚಿಮದ ಬದಿಗೆ ಗೋಣಿಚೀಲ ಸುತ್ತಿ. ಗರಿ ಬಿಸಿಲಲ್ಲಿರಲಿ, ಬೇರು ತಂಪಾಗಿರಲಿ. ಪೂರ್ವದ ಬಾಲ್ಕನಿಯಲ್ಲಿ 11 ಗಂಟೆಗೇ ಬಿಸಿಲು ಮುಗಿಯುವುದಾದರೆ ಅಲ್ಲಿ ಪುದೀನ ಹಾಕಿಕೊಳ್ಳಿ.

ಗರಿಯೆಲ್ಲ ಒಂದೇ ಕಡೆ ವಾಲುತ್ತಿದ್ದರೆ, ದಂಟು ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಿದ್ದರೆ ಬೆಳಕು ಸಾಲುತ್ತಿಲ್ಲ. ತುದಿ ಕಂದಾಗಿ ಒಣಗುತ್ತಿದ್ದರೆ ಬಿಸಿಲನ್ನು ದೂರುವ ಮುಂಚೆ ಬೆರಳು ಮಣ್ಣಿಗೆ ಇಳಿಸಿ ನೋಡಿ, ಸಾಮಾನ್ಯವಾಗಿ ನೀರೇ ಕಮ್ಮಿಯಾಗಿರುತ್ತದೆ.