ಮೇಲಿನ ಸೆಟ್ ಡಾಕ್ಟರದ್ದು, ಕೆಳಗಿನದು ನಮ್ಮದು

ಹಾಸನದಲ್ಲಿ ಬಸ್ ಕಂಡಕ್ಟರ್ ಆಗಿದ್ದವನು ನಾನು. ಬಾಯಲ್ಲಿ ಎಲೆ-ಅಡಿಕೆ, ಹೊಗೆಸೊಪ್ಪು ಇಲ್ಲದ ಟ್ರಿಪ್ಪೇ ಇರಲಿಲ್ಲ. ರಿಟೈರ್ ಆಗುವ ಹೊತ್ತಿಗೆ ಮೇಲೆ ಆರು, ಕೆಳಗೆ ನಾಲ್ಕು ಹಲ್ಲು ಉಳಿದಿದ್ದವು. ಅವೂ ಗಾಳಿಗೆ ಅಲ್ಲಾಡೋ ಹಾಗಿದ್ದವು. ಎಲ್ಲ ಕೀಳಿಸಿ ಕಟ್ಟುಹಲ್ಲಿನ ಫುಲ್ ಸೆಟ್ ಹಾಕಿಸಿ ಐದು ವರ್ಷ ಆಯಿತು. ಕಟ್ಟಿಸಲೋ ಬೇಡವೋ ಅಂತ ಕೇಳುವ ಹಳೆಯ ಜೊತೆಗಾರರಿಗೆ ನಾನು ಹೇಳುವುದು ಇಷ್ಟೇ: ಮೇಲಿನ ಸೆಟ್ ಡಾಕ್ಟರ ಕೆಲಸ, ಕೆಳಗಿನದು ನಮ್ಮ ಕೆಲಸ.

ಕೀಳಿಸಿದ ಮೇಲೆ ಒಸಡು ಮಾಗಲಿ ಅಂತ ಮೂರು ತಿಂಗಳು ಕಾಯಿಸಿದರು. ಮುದ್ದೆ ನುಂಗುವ ಸೀಮೆಯಲ್ಲಿ ಹುಟ್ಟಿದ್ದು ಆಗ ಉಪಯೋಗಕ್ಕೆ ಬಂತು. ಆಮೇಲೆ ಐದು ಸಲ ಓಡಾಟ. ಮೊದಲ ಸಲ ಬಾಯಿಯ ಅಚ್ಚು, ಎರಡನೇ ಸಲ ಲವಂಗದ ವಾಸನೆಯ ಪೇಸ್ಟ್ ಹಾಕಿ ಸೂಕ್ಷ್ಮದ ಅಚ್ಚು. ಮೂರನೇ ಸಲದ್ದೇ ಫಜೀತಿ. ಮೇಣದ ಕಟ್ಟೆ ಬಾಯಿಗಿಟ್ಟು 'ಸುಮ್ಮನೆ ಕಚ್ಚಿ' ಅಂದರು. ಹಲ್ಲಿಲ್ಲದೆ ಅಭ್ಯಾಸವಾದ ದವಡೆ, ಕಚ್ಚಿದಾಗೆಲ್ಲ ಮುಂದಕ್ಕೇ ಬರುತ್ತಿತ್ತು. 'ನಾಲಿಗೆ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸ್ಕೊಂಡು ಬಾಯಿ ಮುಚ್ಚಿ ಯಜಮಾನ್ರೇ' ಅಂದ ಮೇಲೆ ಸರಿಹೋಯಿತು. ಇಲ್ಲಿ ಅವಸರ ಮಾಡಿದರೆ ಮುಂದೆ ಊಟವೆಲ್ಲ ತಪ್ಪು ಕಚ್ಚು.

ನಾಲ್ಕನೇ ಸಲ ಮೇಣದ ಮೇಲೆ ಹಲ್ಲು ಜೋಡಿಸಿ ತೋರಿಸುತ್ತಾರೆ. ಒಟ್ಟು 28, ಬುದ್ಧಿಹಲ್ಲು ನಾಲ್ಕು ಲೆಕ್ಕದಲ್ಲಿಲ್ಲ. ತಕರಾರು ಏನಿದ್ದರೂ ಅವತ್ತೇ ಹೇಳಬೇಕು, ಮೇಣದ ಜಾಗಕ್ಕೆ ಪ್ಲಾಸ್ಟಿಕ್ ಬಂದ ಮೇಲೆ ಸಾಲು ಬದಲಾಗದು. ಮನೆಯವಳನ್ನು ಕರೆದುಕೊಂಡು ಹೋಗಿದ್ದೆ. ನೋಡಿದವಳೇ, 'ಇದ್ಯಾರೋ ನೆಂಟ್ರ ಹಲ್ಲು ಹಾಕ್ಕೊಂಡಂಗೈತೆ, ಒಸಿ ಹಳದಿ ಮಾಡ್ಸಿ' ಅಂದಳು. ಬೆಳ್ಳಗಿದ್ದದ್ದನ್ನು ಬದಲಾಯಿಸಿಕೊಟ್ಟರು. ಈಗ ಯಾರಿಗೂ ಗೊತ್ತೇ ಆಗುವುದಿಲ್ಲ.

ಐದನೇ ಸಲ ಸೆಟ್ ಕೈಗೆ ಬಂತು. ಮೇಲಿನದು ಅಂಗುಳವನ್ನೆಲ್ಲ ಮುಚ್ಚಿಕೊಂಡು, ನಡುವಿನ ಎಂಜಲಿನ ತೆಳು ಪದರದಿಂದ ಅಂಟಿ ಕೂರುತ್ತದೆ. ಕೆಳಗಿನದು ಲಾಳದ ಆಕಾರ. ನಾಲಿಗೆಗೆ ಜಾಗ ಬಿಟ್ಟು ಉಳಿದ ಅಂಚಿನ ಮೇಲಷ್ಟೇ ಕೂರಬೇಕು, ನಾಲಿಗೆ ಆಡಿದರೆ ಎದ್ದುಬಿಡುತ್ತದೆ. ಅದನ್ನು ಹಿಡಿದಿಡುವುದನ್ನು ನಾವೇ ಕಲಿಯಬೇಕು, ಅದಕ್ಕೇ ಅದು ನಮ್ಮ ಕೆಲಸ ಅಂದದ್ದು. ಮೊದಲ ವಾರ ಮಾತಾಡಿದರೆ ಟಕ್ ಟಕ್. ಮನೆ ಹಿಂದಿನ ಹಿತ್ತಲಿಗೆ ಹೋಗಿ ನನ್ನ ಹಳೆಯ ರೂಟನ್ನೇ ಕೂಗಿದೆ: 'ಶಾಂತಿಗ್ರಾಮ, ಉದಯಪುರ, ಚನ್ನರಾಯಪಟ್ಟಣ, ಹಿರೀಸಾವೆ!' ಸ, ಶ ಎರಡೂ ಸೀಟಿ ಹೊಡೆಯುತ್ತಿದ್ದವು. ಸಕಲೇಶಪುರ ಅನ್ನಲು ಬಂದದ್ದು ಹದಿನೈದು ದಿನಕ್ಕೆ. ಪಕ್ಕದ ಮನೆಯ ಹುಡುಗ 'ತಾತ, ಬಸ್ಸು ಯಾವಾಗ ಬಿಡ್ತದೆ?' ಅಂತ ಕೇಳುತ್ತಿದ್ದ.

ಊಟದ್ದು ಬೇರೆ ಪಾಠ. ಮುಂದಿನ ಹಲ್ಲಲ್ಲಿ ಕಚ್ಚಿದರೆ ಸೆಟ್ಟಿನ ಹಿಂಭಾಗ ಮೇಲೇಳುತ್ತದೆ. ಆದ್ದರಿಂದ ಅಕ್ಕಿ ರೊಟ್ಟಿಯನ್ನು ಕೈಯಲ್ಲೇ ಚೂರು ಮಾಡಿ, ಎರಡೂ ಕಡೆ ಸಮ ಹಾಕಿಕೊಂಡು ಅಗಿಯಬೇಕು. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಏಳುತ್ತದೆ. ಸಂಕ್ರಾಂತಿಯ ಎಳ್ಳು ಸೆಟ್ಟಿನ ಕೆಳಗೆ ಸಿಕ್ಕಿಕೊಂಡರೆ ಕಣ್ಣಲ್ಲಿ ನೀರು. ಇನ್ನೊಂದು ಯಾರೂ ಹೇಳಿರಲಿಲ್ಲ: ಅಂಗುಳ ಮುಚ್ಚಿರುವುದರಿಂದ ಬಿಸಿ ಗೊತ್ತಾಗದು. ಮೊದಲ ಕಾಫಿ ಗಂಟಲಿಗಿಳಿದ ಮೇಲೆಯೇ ಸುಟ್ಟದ್ದು ತಿಳಿದದ್ದು.

ಒಸಡು ಹುಣ್ಣಾದರೆ ಸೆಟ್ ಬಿಚ್ಚಿ ಡಬ್ಬಿಯಲ್ಲಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗಬೇಡಿ. ಹೋಗುವ ಮುಂಚೆ ಕೆಲವು ಗಂಟೆ ಹಾಕಿಕೊಂಡಿದ್ದರೆ ಉಜ್ಜಿದ ಜಾಗ ಕೆಂಪಗೆ ಕಾಣುತ್ತದೆ, ಸೆಟ್ಟನ್ನು ಅಲ್ಲಿಗೇ ಸರಿಯಾಗಿ ಸವೆಸುತ್ತಾರೆ. ಮನೆಯಲ್ಲಿ ನಾವೇ ಅರ ಹಿಡಿದು ಉಜ್ಜಿದರೆ ಕೆಟ್ಟಿತು.

ನಾನು ಕೆಡಿಸಿದ್ದು ಬೇರೆ ರೀತಿ. ಒಂದು ದಿನ ಬೆಳಿಗ್ಗೆ ಸೋಪು ಹಚ್ಚಿ ತೊಳೆಯುವಾಗ ಮೇಲಿನದು ಜಾರಿ ಬಚ್ಚಲಿನ ಕಲ್ಲಿಗೆ ಬಿದ್ದು ನಡುಮಧ್ಯ ಎರಡು ಹೋಳಾಯಿತು. ನಾನೋ ಫೆವಿಕ್ವಿಕ್ ಹಾಕಿ ಒತ್ತಿಬಿಟ್ಟೆ. ಕೂದಲೆಳೆಯಷ್ಟು ಓರೆ ಕೂತಿತು, ಬಾಯಿಗೆ ಹೊಂದಲೇ ಇಲ್ಲ. ಡಾಕ್ಟರು ಬೈದು, 'ಹೋಳು ಹಾಗೇ ತಂದಿದ್ದರೆ ಲ್ಯಾಬಿನವರು ಸುಲಭವಾಗಿ ಜೋಡಿಸ್ತಿದ್ರು' ಅಂದರು. ಅಂಟು ಕೆರೆದು ಜೋಡಿಸಿಕೊಡಲು ನಾಲ್ಕು ದಿನ ಹಿಡಿಯಿತು, ಅಷ್ಟೂ ದಿನ ಬೊಚ್ಚುಬಾಯಿ. ಅಂದಿನಿಂದ ಬೇಸಿನ್‌ನಲ್ಲಿ ನೀರು ತುಂಬಿಸಿ, ಅದರ ಮೇಲೆ ಹಿಡಿದು ತೊಳೆಯುತ್ತೇನೆ. ಕೈಜಾರಿದರೂ ನೀರಿಗೆ ಬೀಳುತ್ತದೆ. ಮೆತ್ತನೆ ಬ್ರಶ್, ಸೋಪು ಸಾಕು. ಹಲ್ಲುಜ್ಜುವ ಪೇಸ್ಟ್ ಗೀರು ಹಾಕುತ್ತದೆ, ಹಂಡೆಯ ಬಿಸಿನೀರಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ರಾತ್ರಿ ಬಿಚ್ಚಿ ಲೋಟದ ತಣ್ಣೀರಲ್ಲಿಡುವುದು ತಪ್ಪಿಸುವುದಿಲ್ಲ. ಒಸಡಿಗೂ ಉಸಿರಾಡಲು ಬಿಡುವು ಬೇಕು. ಹಗಲು ರಾತ್ರಿ ಹಾಕಿಕೊಂಡೇ ಇದ್ದರೆ ಅಂಗುಳದಲ್ಲಿ ಫಂಗಸ್ ಬೆಳೆದು ಕೆಂಪಾಗುತ್ತದೆ. ಬೆಳಿಗ್ಗೆ ಒಸಡು, ನಾಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಸೆಟ್.

ಈಗ ಕೆಳಗಿನದು ಮತ್ತೆ ಸಡಿಲ. ಹಲ್ಲು ಹೋದ ದವಡೆಯ ಮೂಳೆ ವರ್ಷ ಕಳೆದಂತೆ ಸವೆಯುತ್ತಲೇ ಇರುತ್ತದಂತೆ, ಸೆಟ್ಟಿನ ಒಳಗೆ ಹೊಸ ಪದರ ಹಾಕಿಸಬೇಕು. ಸೋಮವಾರ ಹೋಗುತ್ತೇನೆ. ಅಷ್ಟರವರೆಗೆ ಚಕ್ಕುಲಿ ಡಬ್ಬಿಯನ್ನು ಮನೆಯವಳು ಅಟ್ಟದ ಮೇಲೆ ಇಟ್ಟಿದ್ದಾಳೆ.